ಕಾಲಿಗಿಂತ ದವಡೆ ಮುಖ್ಯ: ಮನೆಯ ಪಿಲ್ಲರಿಗೆ ಒಂದು ಸೈಕಲ್ ರಿಪೇರಿ ಸ್ಟ್ಯಾಂಡ್

ಗೇರು ಹೊಂದಿಸಬೇಕು ಅಂದರೆ ಸೈಕಲ್ಲಿನ ಹಿಂದಿನ ಚಕ್ರ ನೆಲ ಬಿಟ್ಟಿರಬೇಕು. ಒಂದು ಕೈಯಲ್ಲಿ ಪೆಡಲ್ ತಿರುಗಿಸಬೇಕು, ಇನ್ನೊಂದರಲ್ಲಿ ಗೇರು ಬದಲಿಸಬೇಕು, ನಡುವೆ ಸ್ಕ್ರೂಡ್ರೈವರ್ ಬೇರೆ ಹಿಡಿಯಬೇಕು. ಸೈಕಲ್ ಹಿಡಿದುಕೊಳ್ಳುವುದಕ್ಕೆ ಕೈಯೇ ಉಳಿಯುವುದಿಲ್ಲ. ರಿಪೇರಿ ಸ್ಟ್ಯಾಂಡ್ ಬೇಕಾಗುವುದು ಇದಕ್ಕೇ.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಮನೆಯಲ್ಲಿ ಮೂರು ಸೈಕಲ್ಲು. 2017ರಲ್ಲಿ ಊರಿಗೆ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ಲುಗಳು ಬಂದ ಮೇಲೆ ಮತ್ತೆ ಪೆಡಲ್ ತುಳಿಯಲು ಶುರು ಮಾಡಿದವರಲ್ಲಿ ನಾನೂ ಒಬ್ಬ. ಆಮೇಲೆ ಸ್ವಂತಕ್ಕೆ ಒಂದು ಹೈಬ್ರಿಡ್, ಅಂದರೆ ರಸ್ತೆಗೂ ಕಚ್ಚಾ ದಾರಿಗೂ ಆಗುವ ಗೇರು ಸೈಕಲ್ಲು, ಕೊಂಡೆ, 14 ಕೆ.ಜಿ. ತೂಗುತ್ತದೆ. ಮಗಳದು 20 ಇಂಚಿನ ಚಿಕ್ಕ ಸೈಕಲ್ಲು. ಮೂರನೆಯದು ಅಪ್ಪನ ಹಳೇ ಕರಿ ಸೈಕಲ್ಲು. ಕ್ಯಾರಿಯರ್, ಚೈನ್ ಕವರ್ ಎಲ್ಲ ಸೇರಿ 20 ಕೆ.ಜಿ. ದಾಟುತ್ತದೆ. ಚಾಮುಂಡಿ ಬೆಟ್ಟ ಹತ್ತಿ ಇಳಿದರೆ ಬ್ರೇಕು ನೋಡಬೇಕು. ಮಳೆಗಾಲದಲ್ಲಿ ಕೆಆರ್‌ಎಸ್ ಕಡೆ ನಾಲೆ ಏರಿ ಮೇಲೆ ಹೋಗಿ ಬಂದರೆ ಚೈನಿನ ತುಂಬ ಕೆಸರು. ತೊಳೆದು ಎಣ್ಣೆ ಬಿಡಲೇಬೇಕು. ಇಷ್ಟಕ್ಕೆಲ್ಲ ಪ್ರತಿ ಸಲ ಅಂಗಡಿಗೆ ಹೋಗಿ ಕಾಯುವುದು ನನಗೆ ಹಿಡಿಸಲಿಲ್ಲ. ನನ್ನ ಸೈಕಲ್ಲಿನ ಕೆಲಸ ನನ್ನ ಕೈಗೆ ಗೊತ್ತಿರಬೇಕು ಅನ್ನುವ ಆಸೆಯೂ ಇತ್ತು.

ತಲೆಕೆಳಗು ಮಾಡಿ ನಿಲ್ಲಿಸಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಪಂಕ್ಚರಿಗೆ ಧಾರಾಳವಾಗಿ ಆಗುತ್ತದೆ. ಗೇರಿಗೆ ಆಗುವುದಿಲ್ಲ, ಯಾಕೆಂದರೆ ಹ್ಯಾಂಡಲ್ ಮೇಲಿನ ಗೇರು ಬದಲಿಸುವ ಶಿಫ್ಟರ್ ನೆಲಕ್ಕೆ ಒತ್ತಿಕೊಂಡಿರುತ್ತದೆ, ಎಡ ಬಲ ಎಲ್ಲ ಅದಲು ಬದಲಾಗಿ ತಲೆ ಕೆಡುತ್ತದೆ. ಹೈಡ್ರಾಲಿಕ್ ಬ್ರೇಕ್ ಇರುವ ಸೈಕಲ್ಲಿಗಂತೂ ಅದು ಒಳ್ಳೆಯದಲ್ಲ. ಹ್ಯಾಂಡಲ್ ಮೇಲಿನ ಎಣ್ಣೆ ಡಬ್ಬಿಯಲ್ಲಿ ಸ್ವಲ್ಪ ಗಾಳಿ ಉಳಿದಿದ್ದರೂ ತಲೆಕೆಳಗು ಮಾಡಿದಾಗ ಅದು ಪೈಪಿನೊಳಗೆ ಹೋಗುತ್ತದೆ, ಲಿವರ್ ಮೆತ್ತಗಾಗುತ್ತದೆ.

ಮಾರುಕಟ್ಟೆಯಲ್ಲಿ ಏನೇನಿದೆ

ಎಲ್ಲಕ್ಕಿಂತ ಅಗ್ಗದ್ದು ಹಗ್ಗ. ಹಳೇ ಸೈಕಲ್ ಅಂಗಡಿಗಳಲ್ಲಿ ಸೂರಿನಿಂದ ಎರಡು ಕೊಕ್ಕೆ ಇಳಿಬಿಟ್ಟಿರುವುದನ್ನು ನೋಡಿರುತ್ತೀರಿ. ಒಂದಕ್ಕೆ ಸೀಟು, ಇನ್ನೊಂದಕ್ಕೆ ಹ್ಯಾಂಡಲ್. ಇದನ್ನು ಹೀನಾಯವಾಗಿ ನೋಡಬೇಡಿ. ತೊಳೆಯಲು, ಚೈನಿಗೆ ಎಣ್ಣೆ ಬಿಡಲು, ಗೇರು ಹೊಂದಿಸಲು ಇಷ್ಟೇ ಸಾಕು. ಮನೆಯಲ್ಲಿ ಗಟ್ಟಿ ತೊಲೆಯೋ ಫ್ಯಾನಿನ ಕೊಕ್ಕೆಯಂಥ ಕೊಕ್ಕೆಯೋ ಇದ್ದರೆ 200 ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ. ಸೈಕಲ್ ತೂಗಾಡುವುದೊಂದೇ ತೊಂದರೆ. ಕೆಳಗಿನಿಂದ ಇನ್ನೊಂದು ಹಗ್ಗ ಎಳೆದು ಗೋಡೆಗೋ ಗೇಟಿಗೋ ಕಟ್ಟಿದರೆ ಅದೂ ಅರ್ಧ ಕಡಿಮೆಯಾಗುತ್ತದೆ. ನಮ್ಮ ಪೋರ್ಟಿಕೋದ ಮೇಲೆ ಶೀಟು ಹೊದಿಸಿದ್ದಾರೆ, ಕೊಕ್ಕೆಗೆ ಜಾಗವಿಲ್ಲ. ಇಲ್ಲದಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆನೋ ಏನೋ.

ಎರಡನೆಯದು ಹಿಂದಿನ ಚಕ್ರದ ಪಕ್ಕದಿಂದ ಫ್ರೇಮಿನ ಎರಡು ಕೊಳವೆಗೆ ಸಿಕ್ಕಿಸುವ ಕೊಕ್ಕೆ ಸ್ಟ್ಯಾಂಡ್. ಅಂಗಡಿಯಲ್ಲಿ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಲು ಇದನ್ನೇ ಬಳಸುತ್ತಾರೆ. ನಾನು ನೋಡುವಾಗ 600ರಿಂದ 1,000 ರೂಪಾಯಿಗೆ ಸಿಗುತ್ತಿತ್ತು. ಚಕ್ರ ನೆಲದಿಂದ ಒಂದಿಷ್ಟು ಮೇಲೇಳುತ್ತದೆ, ತಿರುಗುತ್ತದೆ, ಗೇರು ಹೊಂದಿಸಬಹುದು. ಬಾಡಿಗೆ ಮನೆಯಲ್ಲಿದ್ದು, ಒಂದೇ ಸೈಕಲ್ ಇದ್ದು, ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡಲು ಮಂಡಿ ಒಪ್ಪಿದರೆ ಇದನ್ನೇ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ. ಕೊಳ್ಳುವ ಮುಂಚೆ ಸೈಕಲ್ಲನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ ಸಿಕ್ಕಿಸಿ ನೋಡಬೇಕು. ಡಿಸ್ಕ್ ಬ್ರೇಕಿನ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ), ಮಡ್‌ಗಾರ್ಡ್ ಕಡ್ಡಿ, ಸೈಡ್ ಸ್ಟ್ಯಾಂಡ್, ಇವುಗಳಲ್ಲಿ ಒಂದಾದರೂ ಅಡ್ಡ ಬರುವುದು ಜಾಸ್ತಿ. ಹಿಂದಿನ ಚಕ್ರ ಬಿಚ್ಚುವ ಕೆಲಸಕ್ಕೆ ಇದು ಒಗ್ಗುವುದಿಲ್ಲ, ಆ ಚಕ್ರ ಇರುವ ಜಾಗದಲ್ಲೇ ಸ್ಟ್ಯಾಂಡ್ ನಿಂತಿರುತ್ತದೆ.

ಮೂರನೆಯದು ಮಡಚುವ ಟ್ರೈಪಾಡ್, ಸೀಟ್ ಪೋಸ್ಟನ್ನು, ಅಂದರೆ ಸೀಟಿನ ಕೆಳಗಿನ ಕೊಳವೆಯನ್ನು, ಕಚ್ಚಿ ಹಿಡಿಯುವಂಥದ್ದು. ಸ್ಟ್ಯಾಂಡ್ ಅಂದರೆ ಎಲ್ಲರ ಕಣ್ಣಿಗೆ ಬರುವುದು ಇದೇ. 2,500ರಿಂದ 5,000 ರೂಪಾಯಿಯೊಳಗೆ ಹಲವಾರು ಹೆಸರಲ್ಲಿ ಸಿಗುತ್ತಿತ್ತು. ಇವುಗಳನ್ನು ತುಂಬ ಹೊತ್ತು ಮುಟ್ಟಿ, ಅಲುಗಿಸಿ ನೋಡಿದೆ. ಕಾಲು, ಕಂಬ ಎಲ್ಲ ಚೆನ್ನಾಗಿಯೇ ಇರುತ್ತವೆ. ಸೋಲುವುದು ಎರಡು ಕಡೆ. ಒಂದು, ಸೀಟ್ ಪೋಸ್ಟ್ ಹಿಡಿಯುವ ದವಡೆ. ಅಗ್ಗದ ಸ್ಟ್ಯಾಂಡಿನಲ್ಲಿ ಅದು ಪೂರಾ ಪ್ಲಾಸ್ಟಿಕ್ಕು, ಬಿಗಿ ಮಾಡುವ ಲಿವರೂ ಪ್ಲಾಸ್ಟಿಕ್ಕು. ಜೋರಾಗಿ ತಿರುಗಿಸಿದರೆ ದವಡೆಯೇ ಬಾಗುತ್ತದೆ. ಇನ್ನೊಂದು, ದವಡೆ ತಿರುಗದ ಹಾಗೆ ಹಿಡಿಯುವ ಕೀಲು. ಸೈಕಲ್ಲಿನ ಭಾರದ ಕೇಂದ್ರ ಸೀಟ್ ಪೋಸ್ಟಿಗಿಂತ ಸುಮಾರು ಒಂದು ಅಡಿ ಮುಂದಿರುತ್ತದೆ. ಹಿಂದಿನ ಚಕ್ರ ಬಿಚ್ಚಿದರೆ ಇನ್ನೂ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಕೀಲು ಸ್ವಲ್ಪ ಜಾರಿದರೂ ಸೈಕಲ್ ಏತದ ಹಾಗೆ ಮೂತಿ ಕೆಳಗೆ ಹಾಕುತ್ತದೆ. ಕೀಲಿನಲ್ಲಿ ಹಲ್ಲು ಕಚ್ಚಿಕೊಳ್ಳುವ ಏರ್ಪಾಡಿದ್ದರೆ ಪರವಾಗಿಲ್ಲ. ಬರೀ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಒತ್ತಿ ನಿಲ್ಲಿಸುವಂಥದ್ದಾದರೆ ಬೇಡ.

ಜಾಗದ ಲೆಕ್ಕವೂ ಇದೆ. ಟ್ರೈಪಾಡಿನ ಕಾಲು ಪೂರ್ತಿ ಬಿಚ್ಚಿದರೆ ಒಂದು ಮೀಟರಿನಷ್ಟು ಅಗಲದ ಜಾಗ ಬೇಕು ಅಂತ ಇಟ್ಟುಕೊಳ್ಳಿ. ಅದನ್ನು ಕಿರಿದು ಮಾಡಿ ನಿಲ್ಲಿಸಿದರೆ ಸೈಕಲ್ ಸಮೇತ ಮಗುಚುತ್ತದೆ. ಒಂದು ಕಾಲು ಸರಿಯಾಗಿ ಸೈಕಲ್ಲಿನ ಕೆಳಗೇ ಬರುವ ಹಾಗೆ ತಿರುಗಿಸಿ ಇಡಬೇಕು, ಇದನ್ನು ಯಾವ ಅಂಗಡಿಯವರೂ ನನಗೆ ಹೇಳಲಿಲ್ಲ. ಪೆಟ್ಟಿಗೆ ಮೇಲೆ ಎಷ್ಟು ಕೆ.ಜಿ. ತಾಳುತ್ತದೆ ಅಂತ ಬರೆದಿರುತ್ತಾರೆ. ಅದು ಸುಮ್ನೆ ತೂಗುವ ಭಾರ. ನಾವು ಸ್ಪ್ಯಾನರ್ ಹಾಕಿ ಒತ್ತುವ ಭಾರ ಅದರಲ್ಲಿ ಸೇರಿಲ್ಲ.

ಮುಂದಿನ ಚಕ್ರ ಬಿಚ್ಚಿ ಫೋರ್ಕನ್ನು (ಆ ಚಕ್ರವನ್ನು ಹಿಡಿಯುವ ಕವಲು) ಸ್ಟ್ಯಾಂಡಿನ ಆಕ್ಸಲ್ಲಿಗೆ ಸಿಕ್ಕಿಸಿ, ಪೆಡಲ್ ಬುಡವನ್ನು ಕೆಳಗಿನಿಂದ ಆನಿಸುವ ರೇಸಿನವರ ಸ್ಟ್ಯಾಂಡೂ ಇದೆ. ಕಾರ್ಬನ್ ಫೈಬರಿನ ಸೈಕಲ್ಲಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ, ಎಲ್ಲೂ ಹಿಸುಕುವುದಿಲ್ಲ. ಅಪ್ಪನ ಕರಿ ಸೈಕಲ್ಲಿಗೆ ಮಾತ್ರ ಅದು ಬೇಡದ ರಗಳೆ.

ಲೆಕ್ಕ ಹಾಕಿದ್ದು

ಈ ಸ್ಟ್ಯಾಂಡುಗಳ ಬೆಲೆಯಲ್ಲಿ ದೊಡ್ಡ ಪಾಲು ಹೋಗುವುದು ಕಾಲು, ಕಂಬ, ಮಡಚುವ ಕೀಲುಗಳಿಗೆ. ಅಂದರೆ ಸ್ಟ್ಯಾಂಡನ್ನು ಎಲ್ಲಿ ಬೇಕಾದರೂ ನಿಲ್ಲಿಸುವ ಅನುಕೂಲಕ್ಕೆ. ನಾನು ಕೆಲಸ ಮಾಡುವುದು ಪೋರ್ಟಿಕೋದಲ್ಲಿ, ಅದೇ ಒಂದು ಮೂಲೆಯಲ್ಲಿ. ಅಲ್ಲಿ ಒಂದು ಕಾಂಕ್ರೀಟ್ ಪಿಲ್ಲರ್ ಆಗಲೇ ನಿಂತಿದೆ. ಅದಕ್ಕಿಂತ ಗಟ್ಟಿ ಕಾಲು ಯಾವ ಕಂಪನಿ ಕೊಡುತ್ತದೆ? ಕಾಲಿಗೆ ಕೊಡುವ ದುಡ್ಡನ್ನು ದವಡೆಗೆ ಹಾಕೋಣ ಅಂತ ತೀರ್ಮಾನ ಮಾಡಿದೆ. ಪಿಲ್ಲರಿಗೆ ಬೋಲ್ಟ್ ಹಾಕಿ ಒಂದು ಕಬ್ಬಿಣದ ಪ್ಲೇಟ್, ಅದರಿಂದ ಚಾಚಿದ ಒಂದು ತೋಳು, ತೋಳಿನ ತುದಿಗೆ ದವಡೆ, ಇಷ್ಟೇ ಯೋಜನೆ.

ಕಾಂಕ್ರೀಟ್ ಬುಡದ ಯೋಚನೆಯೂ ಬಂದಿತ್ತು. ಹಳೇ ಟೈರಿಗೆ ಕಾಂಕ್ರೀಟ್ ತುಂಬಿ ನಡುವೆ ಪೈಪ್ ನಿಲ್ಲಿಸುವುದು. 45 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ಬಿಲ್ಲೆಯಾದರೆ ತೂಕ ಸುಮಾರು 38 ಕೆ.ಜಿ. ಬರುತ್ತದೆ. ನಿಲ್ಲುವುದೇನೋ ನಿಲ್ಲುತ್ತದೆ. ನೆಲ ಗುಡಿಸಲು ದಿನಾ ಅದನ್ನು ಸರಿಸುವವರು ಯಾರು? ಈ ದಾರಿ ಹೊಸದೇನಲ್ಲ. 1963ರಲ್ಲಿ ಅಮೆರಿಕದ ಸೇಂಟ್ ಪಾಲ್ ಊರಿನ ಇಬ್ಬರು ಸೈಕಲ್ ಅಂಗಡಿಯವರು, ಹೊವರ್ಡ್ ಹಾಕಿನ್ಸ್ ಮತ್ತು ಆರ್ಟ್ ಎಂಗ್‌ಸ್ಟ್ರಾಮ್, ಬಗ್ಗಿ ಕೆಲಸ ಮಾಡಿ ಸಾಕಾಗಿ ತಾವೇ ಒಂದು ಸ್ಟ್ಯಾಂಡ್ ಮಾಡಿಕೊಂಡರು. ಅದರಲ್ಲಿ ಫೋರ್ಡ್ ಟ್ರಕ್ಕಿನ ಆಕ್ಸಲ್ ಇತ್ತು, ಬುಡಕ್ಕೆ ಕಾಂಕ್ರೀಟ್ ತುಂಬಿದ ಫಿರಂಗಿ ಗುಂಡಿನ ಕವಚ ಇತ್ತು. ಸೈಕಲ್ ರಿಪೇರಿ ಉಪಕರಣ ಮಾಡುವ ಇವತ್ತಿನ ಪಾರ್ಕ್ ಟೂಲ್ ಕಂಪನಿ ಹುಟ್ಟಿದ್ದು ಹಾಗೆ. ಸಿಕ್ಕಿದ ಸಾಮಾನಿನಲ್ಲಿ ಮಾಡಿಕೊಳ್ಳುವುದಕ್ಕೆ ಇದು ನನಗೆ ಒಳ್ಳೇ ಧೈರ್ಯ ಕೊಟ್ಟಿತು.

ಗೋಡೆಗೆ ಬೇಡ, ಪಿಲ್ಲರಿಗೇ ಯಾಕೆ ಅಂದರೆ, ಬೋಲ್ಟಿನ ಮೇಲೆ ಬೀಳುವ ಎಳೆತ ನಾವು ಊಹಿಸಿದ್ದಕ್ಕಿಂತ ಜಾಸ್ತಿ. ಗೋಡೆಯಿಂದ 52 ಸೆಂ.ಮೀ. ದೂರದಲ್ಲಿ 14 ಕೆ.ಜಿ. ಸೈಕಲ್ ತೂಗುತ್ತದೆ ಅನ್ನಿ. ಪ್ಲೇಟಿನ ಕೆಳ ಅಂಚಿನಿಂದ ಮೇಲಿನ ಬೋಲ್ಟುಗಳಿಗೆ 17 ಸೆಂ.ಮೀ. ಆಗ ಮೇಲಿನ ಎರಡು ಬೋಲ್ಟಿಗೆ ಸೇರಿ ಸುಮಾರು 43 ಕೆ.ಜಿ. ಎಳೆತ ಬೀಳುತ್ತದೆ. ಸ್ಪ್ಯಾನರ್ ಹಾಕಿ 40 ಕೆ.ಜಿ.ಯಷ್ಟು ಒತ್ತಿದರೆ ಅದು 165 ಕೆ.ಜಿ. ಆಗುತ್ತದೆ. ಒಳ್ಳೇ ಕಾಂಕ್ರೀಟಿನಲ್ಲಿ ಆಂಕರ್ ಬೋಲ್ಟ್, ಅಂದರೆ ಬಿಗಿದಾಗ ತೂತಿನೊಳಗೆ ಹಿಗ್ಗಿ ಕಚ್ಚುವ ಬೋಲ್ಟ್, ಇದನ್ನು ತಾಳುತ್ತದೆ. ಹಳೇ ಇಟ್ಟಿಗೆ ಗೋಡೆಯಲ್ಲಿ, ಅದರಲ್ಲೂ ಸುಣ್ಣದ ಗಾರೆಯ ಗೋಡೆಯಲ್ಲಿ, ಬೋಲ್ಟ್ ಹಿಗ್ಗಿದಾಗ ಇಟ್ಟಿಗೆಯೇ ಬಿರುಕು ಬಿಡಬಹುದು. ಅಂಥ ಮನೆಯಾದರೆ ಗೋಡೆಯ ಆಚೆ ಬದಿಗೂ ಒಂದು ಪ್ಲೇಟ್ ಇಟ್ಟು, ಬೋಲ್ಟನ್ನು ಆರಪಾರ ಹಾಕಿ ಬಿಗಿಯಬೇಕು.

52 ಸೆಂ.ಮೀ. ಎಲ್ಲಿಂದ ಬಂತು ಅಂದರೆ ಹ್ಯಾಂಡಲ್ ಬಾರಿನಿಂದ. ಹೈಬ್ರಿಡ್ಡಿನ ಹ್ಯಾಂಡಲ್ 64 ಸೆಂ.ಮೀ. ಅಗಲ. ಅದರ ಅರ್ಧ 32. ಗೆಳೆಯರ ಮೌಂಟನ್ ಬೈಕುಗಳದು ಇನ್ನೂ ಅಗಲ. ಗೋಡೆಗೆ ತಗಲಬಾರದು, ಆಚೆ ಕಡೆಯ ಪೆಡಲ್ ತಿರುಗಿಸುವಾಗ ಬೆರಳು ಸಿಕ್ಕಿಕೊಳ್ಳಬಾರದು. ತೋಳು ಉದ್ದವಾದಷ್ಟೂ ಬೋಲ್ಟಿಗೆ ಎಳೆತ ಜಾಸ್ತಿ, ಹಾಗಾಗಿ ಅಗತ್ಯಕ್ಕಿಂತ ಉದ್ದ ಮಾಡಲಿಲ್ಲ.

ಕಬ್ಬಿಣದ ಕೆಲಸ

ತೋಳಿಗೆ ಎರಡು ಪೈಪ್. ಪಿಲ್ಲರ್ ಪ್ಲೇಟಿಗೆ ವೆಲ್ಡ್ ಮಾಡಿದ 1 ಇಂಚಿನ ಪೈಪು, 25 ಸೆಂ.ಮೀ. ಉದ್ದ. ಅದರೊಳಗೆ ತೂರಿ ತಿರುಗುವ ಮುಕ್ಕಾಲು ಇಂಚಿನ ಪೈಪು, ಅದರ ತುದಿಗೆ ದವಡೆ. ಮುಕ್ಕಾಲು ಇಂಚು ಅಂತ ಕರೆಯುವ ಪೈಪಿನ ಹೊರ ಅಳತೆ ನಿಜವಾಗಿ 27 ಮಿ.ಮೀ. ಹತ್ತಿರ. ಬಿ ಕ್ಲಾಸಿನ (ಮಧ್ಯಮ ದಪ್ಪದ) 1 ಇಂಚು ಪೈಪಿನ ಒಳ ಅಳತೆಯೂ 27 ಮಿ.ಮೀ.ಗಿಂತ ಕೂದಲೆಳೆ ಜಾಸ್ತಿ. ಎರಡೂ ಒಂದರೊಳಗೊಂದು ಕೂರುತ್ತವೆ, ಅಡ್ಡ ಬರುವುದು ದೊಡ್ಡ ಪೈಪಿನ ಒಳಗಡೆ ಉದ್ದಕ್ಕೂ ಇರುವ ವೆಲ್ಡಿಂಗ್ ಗೆರೆ. ಅದನ್ನು ದುಂಡು ಅರದಿಂದ ಉಜ್ಜಿ ತೆಗೆಯಬೇಕು. ತೆಳ್ಳಗಿನ ಎ ಕ್ಲಾಸ್ ತೆಗೆದುಕೊಂಡರೆ ಸಲೀಸಾಗಿ ಹೋಗುತ್ತದೆ, ಆದರೆ ಲೊಡಲೊಡ ಅನ್ನುತ್ತದೆ. ಸಂತೆಪೇಟೆಯ ಅಂಗಡಿಗೆ ಹೋದಾಗ ಸಣ್ಣ ಪೈಪಿನ ತುಂಡು ಕೈಯಲ್ಲಿ ಹಿಡಿದುಕೊಂಡು ಹೋಗಿದ್ದೆ. ಒಂದೊಂದನ್ನೇ ತೂರಿಸಿ ನೋಡಿ ಆರಿಸಿದೆ. ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ. ಇಂಥ ಪೈಪನ್ನು ಅಳತೆ ಪಟ್ಟಿ ನೋಡಿ ಕೊಳ್ಳಬೇಡಿ, ತೂರಿಸಿ ನೋಡಿಯೇ ಕೊಳ್ಳಿ.

ಜಿಐ ಪೈಪ್ ಬೇಡ, ಸತು ಬಳಿಯದ ಕಪ್ಪು ಪೈಪೇ ಬೇಕು ಅಂತ ಕೇಳಿ ತಂದೆ. ಜಿಐ ಪೈಪನ್ನು ಹಾಗೇ ವೆಲ್ಡ್ ಮಾಡಿದರೆ ಸತುವಿನ ಹೊಗೆ ಏಳುತ್ತದೆ. ಅದನ್ನು ಕುಡಿದವರಿಗೆ ರಾತ್ರಿ ಚಳಿ ಜ್ವರ ಬರುತ್ತದೆ. ಕೆಲಸ ನನ್ನದು, ಹೊಗೆ ಇನ್ನೊಬ್ಬರ ಎದೆಗೆ, ಅದು ಆಗಬಾರದು. ಕಪ್ಪು ಪೈಪು ತುಕ್ಕು ಹಿಡಿಯದಂತೆ ಆಮೇಲೆ ರೆಡ್ ಆಕ್ಸೈಡ್ ಬಳಿದರೆ ಆಯಿತು.

ಮೇಟಗಳ್ಳಿ ಕಡೆಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಕೆಲಸ ಮಾಡಿಸಿದೆ. ಚಿತ್ರ ತೋರಿಸಿದಾಗ ಅವರು ಕೇಳಿದ್ದು ಒಂದೇ.

"ಸೈಕಲ್ಲಿಗೆ ಯಾಕೆ ಸಾರ್ ಇಷ್ಟು ದಪ್ಪ ಪ್ಲೇಟು? ನಾಲ್ಕು ಎಂಎಂ ಸಾಕಲ್ವಾ?"

"ಅಣ್ಣಾ, ಸೈಕಲ್ ಭಾರಕ್ಕಲ್ಲ, ನಾನು ಸ್ಪ್ಯಾನರ್ ಹಾಕಿ ಒತ್ತೋ ಭಾರಕ್ಕೆ."

"ಹಂಗಾದ್ರೆ ಕೆಳಗಡೆ ಒಂದು ಆಂಗ್ಲೂ ಕೊಡ್ತೀನಿ ಬಿಡಿ. ಬರೀ ಪೈಪಾದ್ರೆ ಬುಡದಲ್ಲಿ ಬಿಟ್ಕೊಳ್ತದೆ."

ಅವರ ಮಾತು ಸರಿಯಾಗಿತ್ತು. ಪ್ಲೇಟು 20 ಸೆಂ.ಮೀ. ಎತ್ತರ, 15 ಸೆಂ.ಮೀ. ಅಗಲ, 6 ಮಿ.ಮೀ. ದಪ್ಪ. ಪೈಪನ್ನು ಪ್ಲೇಟಿನ ಮೇಲ್ಭಾಗಕ್ಕೆ ಕೂರಿಸಿ, ಕೆಳಗಿನಿಂದ 25 ಮಿ.ಮೀ. ಆಂಗಲ್ಲನ್ನು (ಎಲ್ ಆಕಾರದ ಕಬ್ಬಿಣದ ಪಟ್ಟಿ) ಓರೆಯಾಗಿ ಆನಿಸಿ ವೆಲ್ಡ್ ಮಾಡಿದರು. ಹೊರ ಪೈಪಿನ ಮೇಲೆ ಒಂದು ತೂತು ಕೊರೆದು ಅದರ ಮೇಲೆ 10 ಮಿ.ಮೀ. ನಟ್ ವೆಲ್ಡ್ ಮಾಡಿಸಿದೆ. ಅದಕ್ಕೆ ಟಿ ಆಕಾರದ ಹಿಡಿ ಇರುವ ಬೋಲ್ಟ್. ತಿರುಗಿಸಿದರೆ ಒಳಗಿನ ಪೈಪನ್ನು ಒತ್ತುತ್ತದೆ, ಲೊಡಲೊಡ ನಿಲ್ಲುತ್ತದೆ.

ಆ ಬೋಲ್ಟ್ ಒಂದನ್ನೇ ನಂಬಿದರೆ ಸಾಲದು ಅನ್ನುವುದು ಮೊದಲೇ ಗೊತ್ತಿತ್ತು. ಅಗ್ಗದ ಟ್ರೈಪಾಡಿನಲ್ಲಿ ನೋಡಿದ್ದೆನಲ್ಲ, ಮೂತಿ ಕೆಳಗೆ ಹಾಕುವ ತೊಂದರೆ ಇಲ್ಲೂ ಇದೆ. 14 ಕೆ.ಜಿ. ಒಂದಡಿ ದೂರದಿಂದ ತಿರುಚುತ್ತಿರುತ್ತದೆ, ಅದನ್ನು ತಡೆಯುವ ಪೈಪಿನ ಅರ್ಧ ಅಗಲ ಬರೀ 13 ಮಿ.ಮೀ. ಒತ್ತಿ ಹಿಡಿದು ನಿಲ್ಲಿಸುವುದು ಕಷ್ಟ. ಅದಕ್ಕೆ ಎರಡೂ ಪೈಪಿಗೆ ಆರಪಾರ 8 ಮಿ.ಮೀ. ತೂತು ಹಾಕಿ ಪಿನ್ ಕೊಟ್ಟೆ. ಪಿನ್ ಅಂದರೆ ದಪ್ಪ ಬೋಲ್ಟ್, ಅಷ್ಟೇ. ಈ ತೂತಿನ ಜಾಗವನ್ನು ಕಾಗದದ ಮೇಲೆ ಗುರುತು ಮಾಡಬೇಡಿ. ಸೈಕಲ್ಲಿನ ಸೀಟ್ ಪೋಸ್ಟ್ ನೇರ ನಿಂತಿರುವುದಿಲ್ಲ, ನೆಲಕ್ಕೆ ಸುಮಾರು 73 ಡಿಗ್ರಿಯಲ್ಲಿ ಹಿಂದಕ್ಕೆ ವಾಲಿರುತ್ತದೆ. ಸೈಕಲ್ಲನ್ನು ದವಡೆಗೆ ಕೊಟ್ಟು, ಎರಡೂ ಚಕ್ರ ಸಮ ಬರುವ ಹಾಗೆ ಒಬ್ಬರು ಹಿಡಿದುಕೊಂಡಾಗ ಗುರುತು ಹಾಕಿ, ಸೈಕಲ್ ಇಳಿಸಿ ಕೊರೆಯಬೇಕು. ನಾನು ಒಳ ಪೈಪಿನಲ್ಲಿ ಮೂರು ಜೊತೆ ತೂತು ಹಾಕಿದ್ದೇನೆ. ಒಂದು ಸೈಕಲ್ ಸಮವಾಗಿ ನಿಲ್ಲಲು, ಒಂದು ಮೂತಿ ಮೇಲೆ ಮಾಡಲು, ಇನ್ನೊಂದು ದವಡೆ ಅಡ್ಡ ತಿರುಗಲು. ಒಂದೇ ಸುತ್ತಿನಲ್ಲಿ ಅಕ್ಕಪಕ್ಕ ತೂತು ಬಂದರೆ ನಡುವಿನ ಕಬ್ಬಿಣ ತೆಳ್ಳಗಾಗುತ್ತದೆ. ಅದಕ್ಕೆ ಪೈಪಿನ ಉದ್ದಕ್ಕೆ 2 ಸೆಂ.ಮೀ. ಬಿಟ್ಟು ಬಿಟ್ಟು ಕೊರೆದೆ. ದವಡೆ ಎರಡು ಸೆಂ.ಮೀ. ಮುಂದೆ ಹಿಂದೆ ಆಗುತ್ತದೆ, ಅದರಿಂದ ಏನೂ ಆಗುವುದಿಲ್ಲ.

ದವಡೆ

ನನ್ನ ಮನಸ್ಸು, ಸಮಯ ಎರಡೂ ಹೆಚ್ಚು ಹೋದದ್ದು ಇಲ್ಲಿಗೆ. ಮೊದಲು ವರ್ನಿಯರ್ ಹಿಡಿದು ಎಲ್ಲ ಸೈಕಲ್ಲಿನ ಸೀಟ್ ಪೋಸ್ಟ್ ಅಳೆದೆ. ನನ್ನದು 27.2 ಮಿ.ಮೀ., ಮಗಳದು 25.4. ಜೊತೆಗೆ ಬೆಟ್ಟಕ್ಕೆ ಬರುವ ಗೆಳೆಯರ ಮೌಂಟನ್ ಬೈಕಿನದು 31.6. ದುಂಡು ತೂತಿನ ದವಡೆ ಮಾಡಿದರೆ ಒಂದು ಅಳತೆಗೆ ಮಾತ್ರ ಚೆನ್ನಾಗಿ ಕೂರುತ್ತದೆ. ಅದಕ್ಕೆ ವಿ ಆಕಾರದ ಗಾಡಿ, ಅಂದರೆ ಮರದಲ್ಲಿ ಉದ್ದಕ್ಕೆ ಕೊರೆದ ತೋಡು, ತೆಗೆಯೋಣ ಅಂತ ಹೊರಟೆ. ಎದುರು ಬದುರು ಎರಡು ವಿ ಗಾಡಿ ಬಂದರೆ ತೆಳ್ಳಗಿನ ಪೋಸ್ಟಾಗಲಿ ದಪ್ಪ ಪೋಸ್ಟಾಗಲಿ ತಾನಾಗಿ ನಡುವಿಗೆ ಬಂದು ಕೂರುತ್ತದೆ.

ಮರ ಸಿಕ್ಕಿದ್ದು ನಮ್ಮ ಬೀದಿಯಲ್ಲಿ ಬಾಗಿಲು ಕೆಲಸ ಮಾಡುತ್ತಿದ್ದ ಆಚಾರ್ರ ಹತ್ತಿರ. ತೇಗದ ತುಂಡುಗಳು. 14 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರ, 4 ಸೆಂ.ಮೀ. ದಪ್ಪದ ಎರಡು ದಿಮ್ಮಿ. ಮರದ ಎಳೆ ಅಗಲದ ಉದ್ದಕ್ಕೆ ಬರಲಿ ಅಂತ ಅವರೇ ಹೇಳಿದರು. ಎಳೆ ಗಾಡಿಯ ಉದ್ದಕ್ಕೆ ಬಂದರೆ ಬೋಲ್ಟ್ ಬಿಗಿದಾಗ ದಿಮ್ಮಿ ಅಲ್ಲೇ ಸೀಳುತ್ತದಂತೆ. ಗಾಡಿಯ ಬಾಯಿ 30 ಮಿ.ಮೀ. ಅಗಲ, 15 ಮಿ.ಮೀ. ಆಳ. ಇದಕ್ಕಿಂತ ಆಳ ಮಾಡಿದರೆ ತೆಳ್ಳಗಿನ ಪೋಸ್ಟಿಗೆ ಬಿಗಿ ಸಿಗುವ ಮುಂಚೆಯೇ ಎರಡು ದಿಮ್ಮಿ ಮುಖಕ್ಕೆ ಮುಖ ತಗಲುತ್ತವೆ. 15 ಮಿ.ಮೀ. ಆದರೆ 25.4ರ ಪೋಸ್ಟಿಗೂ ನಡುವೆ 6 ಮಿ.ಮೀ. ಸಂದು ಉಳಿಯುತ್ತದೆ. ಗರಗಸದಲ್ಲಿ ಎರಡು ಓರೆ ಗೆರೆ ಕೊಯ್ದು, ಉಳಿಯಿಂದ ಸವರಿ, ಉಪ್ಪುಕಾಗದ ಉಜ್ಜಿದೆ. ಗಾಡಿಗೆ ಲಾರಿ ಟ್ಯೂಬಿನ ತುಂಡು ಅಂಟಿಸಿದೆ. ಸೈಕಲ್ ಟ್ಯೂಬು ತೆಳ್ಳಗೆ, ಲಾರಿ ಟ್ಯೂಬಿನ ರಬ್ಬರು ದಪ್ಪ. ವಿ ಗಾಡಿ ಪೋಸ್ಟನ್ನು ನಾಲ್ಕೇ ಗೆರೆಯಲ್ಲಿ ಮುಟ್ಟುತ್ತದೆ, ದಪ್ಪ ರಬ್ಬರಿದ್ದರೆ ಆ ಒತ್ತಡ ಅಗಲಕ್ಕೆ ಹರಡುತ್ತದೆ.

ಹಿಂದಿನ ದಿಮ್ಮಿ ಒಳ ಪೈಪಿನ ತುದಿಯ ಸಣ್ಣ ಪ್ಲೇಟಿಗೆ ಕೂರುತ್ತದೆ. ಮುಂದಿನದನ್ನು ಎರಡು ಉದ್ದ ಬೋಲ್ಟ್ ಹಿಡಿಯುತ್ತವೆ, ಗಾಡಿಯ ಆ ಕಡೆ ಒಂದು, ಈ ಕಡೆ ಒಂದು. ಬಾಗಿಲಿನ ಕೀಲು ಹಾಕಬಹುದಿತ್ತು. ಕೀಲು ಹಾಕಿದರೆ ದಪ್ಪ ಪೋಸ್ಟಿಗೆ ಮುಂದಿನ ದಿಮ್ಮಿ ಓರೆಯಾಗಿ ನಿಲ್ಲುತ್ತದೆ, ಒಂದೇ ಅಂಚು ಕಚ್ಚುತ್ತದೆ. ಎರಡು ಬೋಲ್ಟಾದರೆ ಯಾವ ಅಳತೆಗೂ ದಿಮ್ಮಿಗಳು ಸಮಾನಾಂತರ. ಒಂದು ಬೋಲ್ಟಿನ ತೂತನ್ನು ಮುಂದಿನ ದಿಮ್ಮಿಯಲ್ಲಿ ಅಂಚಿನವರೆಗೆ ಸೀಳಿ ತೆರೆದಿದ್ದೇನೆ. ವಿಂಗ್ ನಟ್ಟುಗಳನ್ನು ಸಡಿಲಿಸಿ ದಿಮ್ಮಿಯನ್ನು ಕೆಳಕ್ಕೆ ತಿರುಗಿಸಿದರೆ ಬಾಯಿ ಪೂರ್ತಿ ತೆರೆಯುತ್ತದೆ. ನಡುವೆ ಒಂದು ಸ್ಪ್ರಿಂಗ್ ಇಟ್ಟರೆ ದಿಮ್ಮಿ ತಾನೇ ಹಿಂದೆ ಸರಿಯುತ್ತದೆ, ಕೈಗೆ ಕೆಲಸ ಕಡಿಮೆ.

ಇನ್ನೊಂದು ಚಿಕ್ಕ ಅನುಕೂಲ ಮಾಡಿಕೊಂಡೆ. ಒಂದು ಕೈಯಲ್ಲಿ 14 ಕೆ.ಜಿ. ಸೈಕಲ್ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ನಟ್ ತಿರುಗಿಸುವುದು ಭುಜಕ್ಕೆ ಹಿಂಸೆ. ಹಳೇ ಬ್ಯಾಗಿನ ಪಟ್ಟಿಯನ್ನು ತೋಳಿನ ಪೈಪಿಗೆ ಸುತ್ತಿ ಕುಣಿಕೆ ಬಿಟ್ಟಿದ್ದೇನೆ. ಮೊದಲು ಸೀಟನ್ನು ಆ ಕುಣಿಕೆಗೆ ಹಾಕಿದರೆ ಭಾರ ಅದರ ಮೇಲೆ ಕೂರುತ್ತದೆ. ಆಮೇಲೆ ನಿಧಾನವಾಗಿ ದವಡೆ ಮುಚ್ಚಬಹುದು. ಈಗ ಮಗಳೂ ತನ್ನ ಸೈಕಲ್ಲನ್ನು ತಾನೇ ಹಾಕಿಕೊಳ್ಳುತ್ತಾಳೆ.

ಪಿಲ್ಲರಿಗೆ ಕೂರಿಸಿದ್ದು

ಎತ್ತರ ನಿಮ್ಮ ಮೈಗೆ ತಕ್ಕಂತೆ ಇರಬೇಕು. ಪೆಡಲ್ ಬುಡ ನನ್ನ ಸೊಂಟಕ್ಕಿಂತ ತುಸು ಕೆಳಗೆ, ನೆಲದಿಂದ 85 ಸೆಂ.ಮೀ. ಇರಲಿ ಅಂತ ನೋಡಿಕೊಂಡೆ. ಅದಕ್ಕೆ ದವಡೆ ಸುಮಾರು 1.4 ಮೀಟರ್ ಎತ್ತರದಲ್ಲಿ ಬಂತು. ಸೈಕಲ್ಲನ್ನು ಎರಡಡಿಯಷ್ಟು ಎತ್ತಿದರೆ ಸಾಕು. ಬೆನ್ನು ನೋವಿರುವವರು ಇನ್ನೂ ಕೆಳಗೆ ಹಾಕಿ ಒಂದು ಸ್ಟೂಲಿನ ಮೇಲೆ ಕೂತು ಕೆಲಸ ಮಾಡಿ. ಚೈನ್ ಇರುವ ಬಲಬದಿ ನಿಮ್ಮ ಕಡೆ ಬರಬೇಕು, ಅಂದರೆ ಎದುರು ನಿಂತಾಗ ಮುಂದಿನ ಚಕ್ರ ನಿಮ್ಮ ಬಲಕ್ಕೆ ಇರುತ್ತದೆ. ಪಿಲ್ಲರಿನ ಎರಡೂ ಕಡೆ ಒಂದೊಂದು ಮೀಟರ್ ಖಾಲಿ ಇದೆಯಾ ಅಂತ ಮೊದಲೇ ನೋಡಿ.

ಪಕ್ಕದ ಮನೆಯವರ ಹ್ಯಾಮರ್ ಡ್ರಿಲ್ ಇಸಿದುಕೊಂಡು ನಾಲ್ಕು 10 ಮಿ.ಮೀ. ಆಂಕರ್ ಬೋಲ್ಟ್ ಹಾಕಿದೆ. ಪಿಲ್ಲರ್ 9 ಇಂಚು ಅಗಲ. ಅಂಚಿಗೆ ತೀರಾ ಹತ್ತಿರ ಕೊರೆದರೆ ಕಾಂಕ್ರೀಟ್ ಚಕ್ಕೆ ಎದ್ದು ಬರುತ್ತದೆ, ಅದಕ್ಕೆ ಎರಡೂ ಕಡೆ 6 ಸೆಂ.ಮೀ. ಬಿಟ್ಟೆ. ಪ್ಲಾಸ್ಟರಿನ ದಪ್ಪವನ್ನು ಲೆಕ್ಕಕ್ಕೆ ಸೇರಿಸಬೇಡಿ, ಬೋಲ್ಟ್ ಹಿಡಿಯಬೇಕಾದದ್ದು ಅದರ ಹಿಂದಿನ ಕಾಂಕ್ರೀಟನ್ನು. ಡ್ರಿಲ್ ಮುಂದೆ ಹೋಗದೆ ನಿಂತು ಕೂಗಲು ಶುರು ಮಾಡಿದರೆ ಒಳಗಿನ ಕಂಬಿ ಸಿಕ್ಕಿದೆ ಅಂತ ಅರ್ಥ. ಬಲವಂತ ಮಾಡದೆ ಜಾಗ ಸರಿಸಿ. ತೂತಿನ ಧೂಳನ್ನು ಸೈಕಲ್ ಪಂಪಿನಿಂದ ಊದಿ ತೆಗೆದ ಮೇಲೆ ಬೋಲ್ಟ್ ಹಾಕಬೇಕು, ಧೂಳಿದ್ದರೆ ಅದು ಸರಿಯಾಗಿ ಕಚ್ಚುವುದಿಲ್ಲ. ರಸಮಟ್ಟ ಇಟ್ಟು ಪ್ಲೇಟ್ ನೇರ ಮಾಡಿ ಬಿಗಿದೆ. ಮೊದಲು ಸೈಕಲ್ ಹಾಕಲಿಲ್ಲ. ಎರಡು ಬಕೆಟ್ ನೀರು ತುಂಬಿ ತೋಳಿಗೆ ನೇತುಹಾಕಿ ಒಂದು ರಾತ್ರಿ ಬಿಟ್ಟೆ. ಪ್ಲೇಟು ಕದಲಿರಲಿಲ್ಲ.

ಪೈಪು, ಪ್ಲೇಟು, ಬೋಲ್ಟು, ಬಣ್ಣ, ವೆಲ್ಡಿಂಗ್ ಕೂಲಿ ಎಲ್ಲ ಸೇರಿ 2,000 ರೂಪಾಯಿಯೊಳಗೆ ಮುಗಿಯಿತು. ಅದರಲ್ಲಿ ಕೂಲಿಯೇ ಹೆಚ್ಚು, ಅದು ಸರಿಯೂ ಹೌದು. ಅಗ್ಗದ ಟ್ರೈಪಾಡಿಗಿಂತ ಸ್ವಲ್ಪ ಕಡಿಮೆ ಬೆಲೆಗೆ ಅದಕ್ಕಿಂತ ಎಷ್ಟೋ ಗಟ್ಟಿಯಾದದ್ದು ಸಿಕ್ಕಿತು. ಹೊರಗೆ ತೆಗೆದುಕೊಂಡು ಹೋಗಲು ಆಗುವುದಿಲ್ಲ, ಮನೆ ಬದಲಿಸಿದರೆ ಬಿಚ್ಚಬೇಕು. ಇದನ್ನು ಒಪ್ಪದವರಿಗೆ ಈ ದಾರಿ ಅಲ್ಲ.

ಕೆಲಸಕ್ಕೆ ಹಚ್ಚಿದ ಮೇಲೆ

ಮೊದಲು ಹೈಬ್ರಿಡ್ಡಿನ ಹಿಂದಿನ ಗೇರು. ಎಚ್ ಮತ್ತು ಎಲ್ ಸ್ಕ್ರೂ ತಿರುಗಿಸಿ ಎರಡೂ ಕೊನೆಯ ಗೇರಿನ ಮಿತಿ ಕೂರಿಸಿದೆ. ಆಮೇಲೆ ಕೇಬಲ್ಲಿನ ಬ್ಯಾರಲ್ಲನ್ನು (ಕೇಬಲ್ಲಿನ ಬಿಗಿ ಹೊಂದಿಸುವ ತಿರುಪು) ಕಾಲು ಸುತ್ತು, ಕಾಲು ಸುತ್ತು ತಿರುಗಿಸುತ್ತ ಸದ್ದು ಕೇಳಿದೆ. ಚೈನ್ ಕಟಕಟ ಅನ್ನುವುದು ಎಲ್ಲಿ ನಿಲ್ಲುತ್ತದೆ ಅನ್ನುವುದು ನಿಂತುಕೊಂಡು, ಕಣ್ಣಿನ ಹತ್ತಿರ ಇಟ್ಟುಕೊಂಡು ನೋಡಿದಾಗ ಎಷ್ಟು ಬೇಗ ಗೊತ್ತಾಗುತ್ತದೆ! ಚೈನಿನ ಸವೆತವನ್ನೂ ಆಗಲೇ ಅಳೆದೆ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ 24 ಪಿನ್ ಎಣಿಸಿದರೆ ಸರಿಯಾಗಿ 12 ಇಂಚು. ಅದು 1/16 ಇಂಚು ಜಾಸ್ತಿ ಬಂದರೆ ಚೈನ್ ಬದಲಿಸುವ ಹೊತ್ತು. ಇನ್ನೂ ತಡ ಮಾಡಿದರೆ ಹಲ್ಲುಚಕ್ರವೂ ಸವೆದು ಖರ್ಚು ಬೆಳೆಯುತ್ತದೆ.

ಚಕ್ರದ ಅಲುಗಾಟ ತೆಗೆಯುವುದಕ್ಕೂ ಬೇರೆ ಸಾಮಾನು ಬೇಡ. ಫ್ರೇಮಿಗೆ ಒಂದು ಪ್ಲಾಸ್ಟಿಕ್ ಟ್ಯಾಗ್ ಕಟ್ಟಿ, ಅದರ ಬಾಲ ರಿಮ್ಮಿಗೆ ತಾಗುವಷ್ಟು ಹತ್ತಿರ ಬಿಟ್ಟು ಚಕ್ರ ತಿರುಗಿಸಿದರೆ ಎಲ್ಲಿ ಉಜ್ಜುತ್ತದೆ ಅನ್ನುವುದು ಕೇಳಿಸುತ್ತದೆ. ಅಲ್ಲಿನ ಕಡ್ಡಿಯನ್ನು ಅರ್ಧ ಸುತ್ತಿಗಿಂತ ಜಾಸ್ತಿ ತಿರುಗಿಸದೆ ಸರಿ ಮಾಡಬೇಕು.

ಮಗಳ ಸೈಕಲ್ಲಿನಲ್ಲಿ ಸೀಟ್ ಪೋಸ್ಟ್ ಹೊರಗೆ ಕಾಣುವುದೇ ಸ್ವಲ್ಪ. ಕೆಲಸಕ್ಕೆ ಮುಂಚೆ ಸೀಟನ್ನು ಮೇಲೆತ್ತುತ್ತೇನೆ. ಪೋಸ್ಟಿನ ಮೇಲೆ ಕೊನೆ ಮಿತಿಯ ಗೆರೆ ಇರುತ್ತದೆ, ಅದನ್ನು ದಾಟಬಾರದು. ಮೊದಲಿದ್ದ ಎತ್ತರಕ್ಕೆ ಟೇಪಿನ ಗುರುತು ಹಾಕಿದರೆ ಮತ್ತೆ ಹೊಂದಿಸುವುದು ಸುಲಭ. ಅಪ್ಪನ ಸೈಕಲ್ಲಿನಲ್ಲಿ ಅದೂ ಆಗುವುದಿಲ್ಲ, ಸೀಟಿನ ಕೆಳಗೇ ಕ್ಯಾರಿಯರ್. ಅದಕ್ಕೇ ದವಡೆಯನ್ನು ಅಡ್ಡ ತಿರುಗಿಸುವ ಆ ಮೂರನೇ ತೂತು. ಮೇಲಿನ ಅಡ್ಡ ಕೊಳವೆಯನ್ನೇ ಹಿಡಿಯುತ್ತೇನೆ. ಅದು ದಪ್ಪ ಉಕ್ಕು, ತಾಳುತ್ತದೆ. ತೆಳ್ಳಗಿನ ಅಲ್ಯೂಮಿನಿಯಂ, ಕಾರ್ಬನ್ ಫ್ರೇಮುಗಳಿಗೆ ಹೀಗೆ ಮಾಡಲೇಬೇಡಿ, ಕೊಳವೆ ನೆಗ್ಗುತ್ತದೆ. ಅವನ್ನು ಸೀಟ್ ಪೋಸ್ಟಿನಲ್ಲೇ ಹಿಡಿಯಬೇಕು.

ಎಲ್ಲ ಕೆಲಸವೂ ಸ್ಟ್ಯಾಂಡಿನ ಮೇಲೆ ಆಗಬೇಕು ಅಂತಿಲ್ಲ. ಪೆಡಲ್ ಬಿಚ್ಚುವುದು, ಕ್ರ್ಯಾಂಕ್ (ಪೆಡಲಿನ ತೋಳು) ಬೋಲ್ಟ್ ಬಿಗಿಯುವುದು, ಪೆಡಲ್ ಬುಡದ ಬೇರಿಂಗಾದ ಬಾಟಮ್ ಬ್ರಾಕೆಟ್ ತೆಗೆಯುವುದು, ಇವಕ್ಕೆ ಜೋರು ಬೇಕು. ಚೌಕ ತುದಿಯ ಬಾಟಮ್ ಬ್ರಾಕೆಟ್ಟಿಗೆ ಸೈಕಲ್ ಬಿಡಿಭಾಗ ಮಾಡುವ ಶಿಮಾನೋದವರು ಹೇಳುವ ಬಿಗಿ 50ರಿಂದ 70 ನ್ಯೂಟನ್ ಮೀಟರ್. ಇಂಥವನ್ನು ಸೈಕಲ್ ಇಳಿಸಿ, ಎರಡೂ ಚಕ್ರ ನೆಲದ ಮೇಲಿಟ್ಟು ಮಾಡುತ್ತೇನೆ. ಅಪ್ಪನ ಸೈಕಲ್ಲಿನಲ್ಲಿ ಕ್ರ್ಯಾಂಕನ್ನು ಹಿಡಿದಿಡುವ ಕಾಟರ್ ಪಿನ್ ಹೊಡೆದು ತೆಗೆಯುವಾಗಲೂ ಅಷ್ಟೇ. ಕ್ರ್ಯಾಂಕಿನ ಕೆಳಗೆ ಒಂದು ಪೈಪಿನ ತುಂಡನ್ನು ನೆಲಕ್ಕೆ ಊರಿ ಆನಿಸಿ ಸುತ್ತಿಗೆ ಏಟು ಕೊಡಬೇಕು. ತೂಗುವ ಸೈಕಲ್ಲಿಗೆ ಹೊಡೆದರೆ ಏಟು ಪಿನ್ನಿಗೆ ಹೋಗುವುದಿಲ್ಲ, ಬೇರಿಂಗಿಗೂ ದವಡೆಗೂ ಹೋಗುತ್ತದೆ.

ಕೆಲಸ ಮುಗಿದ ಮೇಲೆ ಪಿನ್ ತೆಗೆದರೆ ಒಳ ಪೈಪು ದವಡೆ ಸಮೇತ ಕೈಗೆ ಬರುತ್ತದೆ, ಒಳಗಡೆ ಇಡುತ್ತೇನೆ. ಪಿಲ್ಲರಿನ ಮೇಲೆ ಒಂದಡಿಗಿಂತ ಕಡಿಮೆ ಪೈಪು ಉಳಿಯುತ್ತದೆ. ಅದು ತಲೆಯ ಎತ್ತರಕ್ಕೆ ಹತ್ತಿರವಿರುವುದರಿಂದ ತುದಿಗೆ ರಬ್ಬರ್ ಬುಶ್ ಹಾಕಿದ್ದೇನೆ. ಕುರ್ಚಿ ಕಾಲಿಗೆ ಹಾಕುವ ಅದೇ ಬುಶ್, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಆಂಕರ್ ನಟ್ಟುಗಳನ್ನು ಹಾಕಿ ಕೆಲವು ವಾರದ ಮೇಲೆ ಮತ್ತೆ ಸ್ಪ್ಯಾನರ್ ಇಟ್ಟು ನೋಡಿದೆ. ಒಂದು ಮಾತ್ರ ಸ್ವಲ್ಪ ತಿರುಗಿತು, ಉಳಿದವು ಬಿಗಿಯಾಗಿದ್ದವು.

ಈಗ ಬಾಕಿ ಇರುವುದು ಒಬ್ಬ ಗೆಳೆಯರ ಕಾರ್ಬನ್ ಸೀಟ್ ಪೋಸ್ಟಿಗೆ ಬೇರೆ ಜೋಡಿ ದಿಮ್ಮಿ. ಅದಕ್ಕೆ ವಿ ಗಾಡಿ ಸಲ್ಲದು, ಗೆರೆಯಲ್ಲಿ ಒತ್ತುವುದು ಕಾರ್ಬನ್ನಿಗೆ ಕೆಟ್ಟದ್ದು. ಪೋಸ್ಟು 27.2 ಮಿ.ಮೀ., ಎರಡೂ ಕಡೆ 2 ಮಿ.ಮೀ. ರಬ್ಬರ್ ಸೇರಿದರೆ 31.2. ಹಾಗಾಗಿ 32 ಮಿ.ಮೀ. ದುಂಡು ತೂತು ಸರಿಹೋಗುತ್ತದೆ. ಎರಡು ದಿಮ್ಮಿಗಳ ನಡುವೆ 4 ಮಿ.ಮೀ. ಪ್ಲೈವುಡ್ ಇಟ್ಟು ಒಟ್ಟಿಗೆ ಕೊರೆದು, ಆಮೇಲೆ ಪ್ಲೈವುಡ್ ತೆಗೆದರೆ ಬಿಗಿಯಲು ಸಂದು ಸಿಗುತ್ತದೆ. ಬೋಲ್ಟಿನ ತೂತುಗಳು ಹಳೇ ಜೋಡಿಯ ಅಳತೆಗೇ ಬರಬೇಕು, ಆಗ ಬದಲಿಸಿ ಹಾಕುವುದು ಸುಲಭ. ಮರದ ತುಂಡುಗಳನ್ನು ಗುರುತು ಹಾಕಿ ಆಚಾರ್ರ ಹತ್ತಿರ ಕೊಟ್ಟಿದ್ದೇನೆ, ದುಂಡು ತೂತು ಕೊರೆಯುವ 32ರ ಹೋಲ್ ಸಾ ಅವರ ಹತ್ತಿರ ಇದೆ.